ಮೆಂಬರ್ ಮೀಸೆ ಮತ್ತು ಗಲ್ಲದ ಮಾಸ್ಕು

ಕೊರೊನಾ ಟೈಮಲ್ಲೂ ನಮ್ಮ ವಾರ್ಡ್ ಮೆಂಬರ್ ಚನ್ನಬೀರಪ್ಪಂಗೆ ಮಾಸ್ಕು ಗಲ್ಲದ ಮೇಲೇ. ಮೇಲಕ್ಕೆಳೆದ್ರೆ ಆ ದಪ್ಪ ಮೀಸೆ ನೋಡೋರ್ಯಾರು? ಹಂಗೇ ಕೆಮ್ತಾ ನಮ್ಮನೆ ಎದುರಿನ ಕಟಿಂಗ್ ಶಾಪಿಗೆ ನುಗ್ಗಿದ.

"ಮಾಸ್ಕ್ ಸರಿಯಾಗ್ ಹಾಕ್ಕೊಳಿ ಮೆಂಬರಣ್ಣ, ನಮ್ಮನೇಲಿ ಬಾಣಂತಿ ಅವ್ಳೆ," ಅಂದ ಕಟಿಂಗ್ ಮಾಡೋನು.

"ಹಾಕ್ಕೊಂಡೇ ಇದೀನಲ್ಲೋ! ಸುಮ್ನೆ ಕಟಿಂಗ್ ಮಾಡು, ಇಲ್ಲಾಂದ್ರೆ ಅಂಗಡಿಗೆ ಬೀಗ ಹಾಕಿಸ್ತೀನಿ."

"ಆಯ್ತಣ್ಣ. ಆದ್ರೆ ನಮ್ಮಲ್ಲಿ ಹೊಸ ರೂಲ್ಸು. ಮಾಸ್ಕೊಳಗಿನ ಕೂದ್ಲು ಮುಟ್ಟಲ್ಲ, ಆಚೆ ಕಂಡಿದ್ದಕ್ಕೆಲ್ಲ ಕತ್ತರಿ," ಅಂದವ್ನೇ ಸೀದಾ ಮೀಸೆಗೇ ಕತ್ತರಿ ಹಿಡಿದ.

ಅಬ್ಬಬ್ಬಾ, ಮಾಸ್ಕು ಕಣ್ಣಿನವರೆಗೂ ಹಾರ್ತು ನೋಡಿ!

ಕಟಿಂಗ್ ಮುಗಿಸಿ ಮೆಂಬರ್ ಆಚೆ ಬಂದಾಗ ನಾನು ಕಿಟಕಿಯಿಂದ ಕೂಗ್ದೆ: "ಮೆಂಬರಣ್ಣ, ಮೀಸೆ ಇದ್ಯೋ ಹೋಯ್ತೋ?"

ಹಿಂದೆ ಬಾಗ್ಲಲ್ಲಿ ಕಟಿಂಗ್ ಮಾಡೋನು ಕತ್ತರಿ ಆಡಿಸ್ತಾ ನಿಂತಿದ್ದ.

"ಇದೆ ಕಣಮ್ಮಾ, ಒಳಗಡೆ ಇದೆ!" ಅಂತ ಮೆಂಬರ್ ಮಾಸ್ಕೊಳಗಿಂದ್ಲೇ ಒದರ್ತಾ ಹೋದ.