ಬಂದೆಬಂದೆ ಬಾವಿ

ಸಂಕನಮರಡಿಯ ಬಂದೆಬಂದೆ ಬಾವಿಗೆ ದಾರಿ ತಪ್ಪದೆ ಹೋಗಿ ಮುಟ್ಟಿದವರು ಕಡಿಮೆ. ಡಾಂಬರು ರಸ್ತೆ ಮುಗಿಯುವಲ್ಲಿ ಮೂರು ಬಂಡಿಜಾಡುಗಳು ಕವಲೊಡೆಯುತ್ತವೆ. ಮೂರೂ ತೊಗರಿ ಹೊಲಗಳ ನಡುವೆ ಒಂದೇ ಬಗೆಯಲ್ಲಿ ಮಾಯವಾಗುತ್ತವೆ. ಕುರಿ ಕಾಯುವವರನ್ನು ಕೇಳಿದರೆ "ಇಲ್ಲೇ ಐತ್ರಿ, ಒಂದು ಎಲಿ ಹಾಕ್ಕೊಂಡು ಉಗುಳೂದ್ರಾಗ ಮುಟ್ಟತೀರಿ" ಎನ್ನುತ್ತಾರೆ. ಆ ಮಾತು ನಂಬಿ ನಡೆದವರ ಬಾಯಲ್ಲಿ ಉಗುಳೇ ಆರಿಹೋದ ಮೇಲೆ ಒಂದು ಮುದಿ ಬೇವಿನಮರ ಕಾಣುತ್ತದೆ. ಅದರ ಬುಡಕ್ಕೆ ಚೌಕನೆಯ ಕಲ್ಲುಬಾವಿ; ಇಳಿಯಲು ಮೆಟ್ಟಿಲಿಲ್ಲ, ಇಣುಕಿದರೆ ಮೂರಾಳು ಆಳದಲ್ಲಿ ನೀರು ಕಪ್ಪಗೆ ಹೊಳೆಯುತ್ತದೆ. ಎದುರಿಗೆ ಪಾಂಡುರಂಗನ ಪುಟ್ಟ ಗುಡಿ. ಗುಡಿಯ ಸಮಿತಿಯವರು ನೀಲಿ ಹಲಗೆಯ ಮೇಲೆ 'ಶ್ರೀ ಪ್ರೇಮತೀರ್ಥ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದಾರೆ. ಆ ಹೆಸರು ಹೇಳಿ ದಾರಿ ಕೇಳಿದರೆ ಮಾತ್ರ ಊರಿನಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಹಿಂದೆ ಒಮ್ಮೆ, ಈ ಡಾಂಬರೂ ಹಲಗೆಯೂ ಇಲ್ಲದಿದ್ದ ಕಾಲದಲ್ಲಿ, ಫಕೀರವ್ವ ಎಂಬ ಹೆಂಗಸು ಇದೇ ಕವಲಿನಲ್ಲಿ ದಾರಿ ತಪ್ಪಿದಳು. ಸೂಜಿ, ದಬ್ಬಣ, ಕರಿದಾರ, ಹಣಿಗೆ, ಮಣಿಸರಗಳನ್ನು ಬುಟ್ಟಿಯಲ್ಲಿ ಹೊತ್ತು ಊರೂರು ಮಾರುವುದು ಅವಳ ಕಸುಬು. ಕೃಷ್ಣೆಯ ಆಚೆಗೂ ತುಂಗೆಯ ಈಚೆಗೂ ಅವಳು ತುಳಿಯದ ಸಂತೆಯಿರಲಿಲ್ಲ. ಗಂಡ ಸತ್ತ ಮೇಲೆ ಅಣ್ಣ ಕರೆದು ಮನೆಯಲ್ಲಿಟ್ಟುಕೊಂಡಿದ್ದನಂತೆ; ಒಂಬತ್ತನೆಯ ದಿನಕ್ಕೆ "ಈ ಗ್ವಾಡಿ ನಿನ್ನೀನೂ ಇಲ್ಲೇ ಇತ್ತಲ್ಲೋ" ಎಂದು ಬುಟ್ಟಿ ಎತ್ತಿಕೊಂಡು ಹೊರಟವಳು ತಿರುಗಿ ನೋಡಲಿಲ್ಲ. ಅವಳಿಗೆ ಐದು ಭಾಷೆಯಲ್ಲಿ ಚೌಕಾಸಿ ಬರುತ್ತಿತ್ತು, ಈಜು ಮಾತ್ರ ಬರುತ್ತಿರಲಿಲ್ಲ.

ಅವಳು ಬೇವಿನಮರದ ಹತ್ತಿರ ಬಂದಾಗ ಬಿಸಿಲು ನೆತ್ತಿಗೇರಿತ್ತು. ಗುಡಿಯ ಮುಂದೆ ದೊಡ್ಡ ಬಟ್ಟೆಯ ಚಪ್ಪರ, ಚಪ್ಪರದ ಕೆಳಗೆ ಇಡೀ ಊರು. ಸಂಕನಮರಡಿಯವರು ವರ್ಷಕ್ಕೊಮ್ಮೆ ವೀಣಾ ಸಪ್ತಾಹ ನಡೆಸುತ್ತಿದ್ದರು. ಏಳು ಹಗಲು, ಏಳು ರಾತ್ರಿ ಹಾಡು ನಿಲ್ಲುವಂತಿಲ್ಲ. ವೀಣೆ ನೆಲ ಮುಟ್ಟುವಂತಿಲ್ಲ. ಅದನ್ನು ಕೊರಳಿಗೆ ಹಾಕಿಕೊಂಡವನು ನಿಂತೇ ಇರಬೇಕು, ಇನ್ನೊಬ್ಬ ಬಂದು ಕೊರಳು ಕೊಡುವವರೆಗೆ. ಒಂದೊಂದು ದಿನಕ್ಕೆ ಒಂದೊಂದು ವಿಷಯ. ಅಂದು ಐದನೆಯ ದಿನ, ಪ್ರೀತಿಯ ಸರದಿ. ಮುಂದಾಳು ತುಳಸಪ್ಪ ಬುವಾ ಕಣ್ಣು ಮುಚ್ಚಿ, ಗಲ್ಲದ ಮೇಲೆ ನೀರಿಳಿಸುತ್ತ, "ಪರರ ನೋವೇ ನನ್ನ ನೋವು, ಪ್ರೀತಿಯೇ ಪಂಢರಿ" ಎಂದು ಎತ್ತಿಕೊಡುತ್ತಿದ್ದರು. ಊರು ತಾಳ ತಟ್ಟುತ್ತ ಅದನ್ನೇ ಮರಳಿ ಹೇಳುತ್ತಿತ್ತು.

"ಯಣ್ಣಾ, ಮುದ್ದನಾಳ ಸಂತಿಗೆ ಯಾ ಕಡೆ ಹೋಗಬೇಕು?" ಎಂದು ಫಕೀರವ್ವ ಅಂಚಿನಲ್ಲಿದ್ದವನನ್ನು ಕೇಳಿದಳು. ಅವನ ಎರಡೂ ಕೈಯಲ್ಲಿ ತಾಳ. ಅವನು ಗದ್ದದಿಂದ ಮೂಡಣ ತೋರಿಸಿದ. ಪಕ್ಕದವನು ಹುಬ್ಬಿನಿಂದ ಪಡುವಣ ತೋರಿಸಿದ. ಮೂರನೆಯವನು ಭಕ್ತಿಯಿಂದ ಮೇಲೆ ನೋಡಿದ. ಅಲ್ಲಿಗೆ ಹೋಗುವ ಅವಸರ ತನಗಿನ್ನೂ ಇಲ್ಲವೆಂದುಕೊಂಡು ಅವಳು ಮೊದಲು ನೀರು ಕುಡಿಯೋಣವೆಂದು ಬಾವಿಯ ಕಡೆ ನಡೆದಳು.

ಬಾವಿಗೆ ಗಾಲಿಯಿತ್ತು, ಹಗ್ಗವಿರಲಿಲ್ಲ. ಸೂಜಿಯವಳು ದಾರಕ್ಕೆ ಬಡವಳೇ? ಕರಿದಾರದ ಉಂಡೆ ಬಿಚ್ಚಿ, ನಾಲ್ಕೆಳೆ ಹೊಸೆದು, ತನ್ನ ತಾಮ್ರದ ತಂಬಿಗೆಗೆ ಕಟ್ಟಿ ಇಳಿಬಿಟ್ಟಳು. ತಂಬಿಗೆ ತುಂಬಿತು, ದಾರ ಹರಿಯಿತು. ತವರಿನಿಂದ ತಂದಿದ್ದ ಒಂದೇ ಒಂದು ವಸ್ತು ಆ ತಂಬಿಗೆ. ಅಯ್ಯೋ ಎಂದು ಬಗ್ಗಿ ಕೈಚಾಚಿದವಳು ಸೊಂಟಕ್ಕೆ ಕಟ್ಟಿದ್ದ ಸೂಜಿಚೀಲದ ಸಮೇತ ತಂಬಿಗೆಯ ಹಿಂದೆಯೇ ಹೋದಳು. ಒಮ್ಮೆ ಮುಳುಗಿ ಎದ್ದಾಗ ಕಾಲಿಗೆ ಪಾಚಿಗಟ್ಟಿದ ಒಂದು ಕಲ್ಲು, ಕೈಗೆ ಗೋಡೆಯ ಸಂದಿಯ ಅರಳಿಬೇರು ಸಿಕ್ಕಿದವು. ನೀರು ಗದ್ದದವರೆಗಿತ್ತು. ಬೇರು ಹಿಡಿದೆಳೆದಾಗಲೆಲ್ಲ ಗೋಡೆಯಿಂದ ಒಂದೊಂದು ಹಿಡಿ ಮಣ್ಣು ಉದುರುತ್ತಿತ್ತು.

"ಯಾರರ ಬರ್ರೋ! ಬಾವ್ಯಾಗ ಬಿದ್ದೀನ್ರೋ!"

ಮೇಲಿನಿಂದ ಸ್ಪಷ್ಟವಾಗಿ ಉತ್ತರ ಬಂತು. "ಬಂದೆ ತಾಯಿ, ಬಂದೆ!" ತುಳಸಪ್ಪ ಬುವಾರ ದನಿಯೇ. ಅವಳಿಗೆ ಜೀವ ಬಂದಂತಾಯಿತು. ಆದರೆ ಬುವಾ ಆಗಷ್ಟೇ ಒಂದು ನುಡಿಯನ್ನು ಅರ್ಧಕ್ಕೆ ಎತ್ತಿದ್ದರು. ನುಡಿ ಮುಗಿಯದೆ ಎದ್ದರೆ ಐದು ದಿನದ ಸೇವೆ ನೀರಲ್ಲಿ ಹೋಮವಾಗುತ್ತದೆ. ಅವರು ತಾಳದವನಿಗೆ ಕಣ್ಸನ್ನೆ ಮಾಡಿದರು. ಅವನೂ "ಬಂದೆ, ಬಂದೆ" ಎಂದ, ಎದ್ದರೆ ತಾಳ ತಪ್ಪುವುದಲ್ಲ ಎಂದು ಪಕ್ಕದವನ ತೊಡೆ ತಿವಿದ. ಹೀಗೆ 'ಬಂದೆ' ಎಂಬ ಮಾತು ಬಾಯಿಂದ ಬಾಯಿಗೆ ಪ್ರಸಾದದಂತೆ ಚಪ್ಪರವೆಲ್ಲ ಸುತ್ತಿ, ಕೊನೆಗೆ ವೀಣೆ ಹೊತ್ತು ನಿಂತಿದ್ದ ಮುದುಕಪ್ಪನ ಬಳಿ ಬಂತು. ಅವನು ಕೂಡ "ಬಂದೆ" ಎಂದ. ನಿಂತವನು ತಾನೊಬ್ಬನೇ, ಕದಲಬಾರದವನೂ ತಾನೊಬ್ಬನೇ ಎಂಬುದು ಆಮೇಲೆ ನೆನಪಾಯಿತಂತೆ. ಕೆಳಗಿನ ಕೂಗು ನಿಲ್ಲಲಿಲ್ಲ. ಅದು ಸರಿಯಾಗಿ ತಾಳದ ಸಮಕ್ಕೆ ಬರುತ್ತಿದ್ದುದರಿಂದ ಮದ್ದಳೆಯವನು ಅದಕ್ಕೊಂದು ಪೆಟ್ಟು ಸೇರಿಸಿಕೊಂಡ, ಹಾಡಿಗೆ ರಂಗೇರಿತು ಎನ್ನುತ್ತಾರೆ.

ಕಲ್ಲುಹೃದಯದವರೆಂದು ಅವರನ್ನು ಜರೆಯಬಾರದು. ಎರಡು ಹಾಡಿನ ನಡುವೆ ಬುವಾ ತಾವೇ ಒಬ್ಬನನ್ನು ಕಳಿಸಿದರು. ಅವನು ಬಾವಿಗೆ ಇಣುಕಿ, "ಯಾರವ್ವಾ ನೀ? ಯಾವೂರು? ಊಟಾಗೇತೇನು?" ಎಂದು ಕೇಳಿದ.

"ನೀರು ಕುಡದು ಹೊಟ್ಟಿ ತುಂಬೇತಿ, ಹಗ್ಗ ಒಗಿ ನಮ್ಮಪ್ಪಾ!"

"ಹಗ್ಗಾನ ಚಪ್ಪರಕ್ಕ ಬಿಗದೇವಲ್ಲವ್ವಾ. ಬಿಚ್ಚಿದರ ದೇವರ ಮ್ಯಾಲೆ ಚಪ್ಪರ ಬೀಳತೈತಿ. ಕೇಳಿಕ್ಯಾಸ ಬರತೀನಿ, ತಡಿ."

ಅವನು ಹೋಗಿ ಕೇಳಿದ. ಹಿರಿಯರೆಲ್ಲ ತಾಳ ತಟ್ಟುತ್ತಲೇ ಆಲೋಚನೆ ಮಾಡಿದರು. ಎಲ್ಲರಿಗೂ ಮನಸ್ಸು ಕರಗಿತ್ತು, ಕೆಲವರು ಅತ್ತೂಬಿಟ್ಟರು. ಸಂಜೆ ಮಂಗಳಾರತಿಯ ಹೊತ್ತಿಗೆ ಒಂದು ಮೂಲೆಯ ಹಗ್ಗ ಸಡಿಲಿಸಬಹುದೇ ಎಂಬಲ್ಲಿಗೆ ಮಾತು ಬಂದು ನಿಂತಿತು; ಅಲ್ಲಿಯವರೆಗೆ ಮುಂದಿನ ಹಾಡನ್ನು ಬಾವಿಯೊಳಗಿನ ತಾಯಿಯ ಹೆಸರಿನಲ್ಲಿ ಹಾಡುವುದೆಂದು ಒಮ್ಮತವಾಯಿತು. ಹೋದವನು ತಿರುಗಿ ಬಂದು ಈ ಸುದ್ದಿಯನ್ನು ಬಗ್ಗಿ ಹೇಳಿದ, ಮೇಲಿನಿಂದ ಒಂದು ಹಿಡಿ ಚುರುಮುರಿ ಪ್ರಸಾದವನ್ನೂ ಉದುರಿಸಿದ.

"ಹಾಡು ಬ್ಯಾಡೋ ನನ್ನ ಹಾಟ್ಯಾನ ಮಗನ, ಬೇರು ಕಿತ್ತು ಬರಾಕ್ಹತ್ತೇತಿ!" ಎಂದು ಫಕೀರವ್ವ ತಲೆಯ ಮೇಲಿನ ಚುರುಮುರಿ ಕೊಡವುತ್ತ ಕಿರುಚಿದಳು. "ಬಂದೆ ಬಂದೆ" ಎಂದು ಅವನು ಓಡಿಹೋದ. ಆ ಎರಡು ಮಾತು ಕೇಳಿದಾಗಲೆಲ್ಲ ಅವಳು ತುಸು ಹೊತ್ತು ಬಾಯಿ ಮುಚ್ಚಿ ಕಾಯುತ್ತಿದ್ದಳು. ಕಾದಷ್ಟೂ ಕಾಲು ಮರಗಟ್ಟುತ್ತಿತ್ತು. ಕೊನೆಗೆ ಪ್ರೀತಿಯ ಹಾಡಿನ ಮೇಲಿನ ಸಿಟ್ಟೆಲ್ಲ ಹೊಟ್ಟೆಯಿಂದ ಎದ್ದು ಬಂದು, ಕೃಷ್ಣೆಯಿಂದ ತುಂಗೆಯವರೆಗೆ ಕಲಿತ ಬೈಗುಳಗಳನ್ನೆಲ್ಲ ಒಂದರ ಬೆನ್ನಿಗೊಂದು ಬಾವಿಯ ಬಾಯಿಂದ ಮೇಲಕ್ಕೆಸೆಯತೊಡಗಿದಳು.

ಬೇವಿನ ನೆರಳಲ್ಲಿ ಹೊರಸಿನ ಮೇಲೆ ಗ್ಯಾನಪ್ಪ ಮಲಗಿದ್ದ. ಊರಿನಲ್ಲಿ ಭಜನೆಗೆ ಸೇರಿಸಿಕೊಳ್ಳದ ಒಬ್ಬನೇ ಮನುಷ್ಯ. ಮೂರು ವರ್ಷದ ಹಿಂದೆ, ಮದ್ದಳೆ ತಪ್ಪಿತೆಂದು ತುಂಬಿದ ಸಭೆಯಲ್ಲಿ ಮದ್ದಳೆಯವನ ಏಳು ತಲೆಮಾರನ್ನು ಬೈದು ಹೊರಬಿದ್ದವನು. ಐದು ದಿನದಿಂದ ಹಾಡಿನ ಗದ್ದಲದಲ್ಲಿ ಅವನಿಗೆ ನಿದ್ದೆಯಿರಲಿಲ್ಲ. ಅಂದು ಹತ್ತಿಯ ಉಂಡೆ ಕಿವಿಗೆ ತುರುಕಿ ಹೇಗೋ ಕಣ್ಣು ಹತ್ತಿತ್ತು. ಹಾಡಿಗೆ ಬಗ್ಗದ ಕಿವಿ ಬೈಗುಳಕ್ಕೆ ತೆರೆಯಿತು. ಎದ್ದು ಕೂತ. "ಯಾವಾಕಿ ಅಕೀ, ಸಾಯೂ ಮುಂದರ ಸುಮ್ಮ ಸಾಯಬಾರದಾ!" ಎನ್ನುತ್ತ ಬಾವಿಗೆ ಇಣುಕಿದ. ನೆಟ್ಟಗೆ ಚಪ್ಪರಕ್ಕೆ ನಡೆದು, ಬುವಾ "ಅಪ್ಪಾ ಗ್ಯಾನಪ್ಪಾ, ದೇವರು..." ಎನ್ನುವಷ್ಟರಲ್ಲಿ ಹಗ್ಗದ ಗಂಟು ಕಿತ್ತ. ಇಡೀ ಚಪ್ಪರ ಇಡೀ ಊರಿನ ಮೇಲೆ ಬಂದು ಕೂತಿತು. ನಡುವೆ ಮುದುಕಪ್ಪನೊಬ್ಬನೇ ವೀಣೆಯನ್ನು ತಲೆಯ ಮೇಲೆತ್ತಿ ಗೂಟದಂತೆ ನಿಂತಿದ್ದ. ಉಳಿದವರು ಬಟ್ಟೆಯ ಕೆಳಗೆ ಅತ್ತಿತ್ತ ಹರಿದಾಡುತ್ತ, ಒಬ್ಬರನ್ನೊಬ್ಬರು ತುಳಿಯುತ್ತ, ಆದರೂ ಹಾಡು ಬಿಡಲಿಲ್ಲ ಎನ್ನುತ್ತಾರೆ.

ಗ್ಯಾನಪ್ಪ ಹಗ್ಗ ಇಳಿಬಿಟ್ಟು, ಪ್ರತಿ ಮೊಳಕ್ಕೊಂದು ಬೈಗುಳದಂತೆ ಅವಳನ್ನು ಮೇಲಕ್ಕೆಳೆದ. ಅವಳು ಕಟ್ಟೆಯ ಮೇಲೆ ನೀರಿಳಿಸುತ್ತ ಕೂತು ಉಸಿರು ತಿರುಗಿದ ಮೇಲೆ ಅವನ ಕಾಲು ಮುಟ್ಟಲು ಬಗ್ಗಿದಳು. ಅವನು ಹಾವು ಕಂಡವನಂತೆ ಕಾಲು ಹಿಂದೆಳೆದುಕೊಂಡ.

"ಪ್ರೀತಿಲೆ ಎಳದೀನಿ ಅಂತ ತಿಳಕೋಬ್ಯಾಡ. ನಿನ್ನ ಬಾಯಿ ಮುಚ್ಚಸಾಕ ಎಳದೀನಿ."

"ಹೆಂಗರ ಇರಲಿ ಯಣ್ಣಾ, ಜೀವದ ಋಣ. ಹೆಂಗ ತೀರಸಲಿ ಹೇಳು."

"ಐದು ದಿನದಾಗ ಒಮ್ಮೆ ಕಣ್ಣು ಹತ್ತಿತ್ತು, ಅದನ್ನ ನೀ ಕೆಡಿಸಿದಿ. ಒಂದು ಮಧ್ಯಾಹ್ನದ ನಿದ್ದಿ ಕೊಡಬೇಕು ನೀ ನನಗ. ಮತ್ತ, ಆ ಆರನೇ ಬೈಗುಳ ಯಾ ಸೀಮೀದು? ಛಲೋ ಇತ್ತು."

ಅಷ್ಟರಲ್ಲಿ ತುಳಸಪ್ಪ ಬುವಾ ಬಟ್ಟೆಯ ಅಂಚೆತ್ತಿ, ಪೇಟ ಕಳೆದುಕೊಂಡು ತೆವಳುತ್ತ ಹೊರಗೆ ಬಂದರು. ಒದ್ದೆ ಹೆಂಗಸನ್ನು ಕಂಡು ಅವರ ಕಣ್ಣು ಮತ್ತೆ ತುಂಬಿತು. "ನೋಡ್ರಪ್ಪಾ, ಹಾಡಿನ ಶಕ್ತಿ! ಗ್ಯಾನಪ್ಪನಂಥಾವನ ಎದಿನೂ ಕರಗಿತು!" ಗ್ಯಾನಪ್ಪ ಬಾಯಿ ತೆರೆದ, ಫಕೀರವ್ವ ಅವನಿಗಿಂತ ಮೊದಲು ಮಾತಾಡಿದಳು. ಅವಳಿಗೆ ಆಗ ಸಿಟ್ಟಿರಲಿಲ್ಲ ಎನ್ನುತ್ತಾರೆ, ಬರೀ ಚಳಿಯಿತ್ತು.

"ಬುವಾರ, ನೀವು ಹಾಡಿದ್ದಕ್ಕ ನನಗೇನೂ ಬ್ಯಾಸರಿಲ್ಲ. ಹಾಡ್ರಿ. ಆದರ ಬಂದೆ ಬಂದೆ ಅಂತ ಯಾಕ ಅಂದ್ರಿ? ನೀವು ಸುಮ್ಮನಿದ್ದಿದ್ರ ನಾನು ಮೊದಲಿಗೇ ಬ್ಯಾರೆ ಯಾರನ್ನರ ಬೈದು ಎಬ್ಬಸತಿದ್ನೆಲ್ಲ!"

ಬುವಾ ಏನೋ ಹೇಳಹೋದರು. ಬಾಯಿಗೆ ಬಂದದ್ದೆಲ್ಲ ಯಾವುದೋ ಹಾಡಿನ ಸಾಲೇ ಆಗಿತ್ತು. ಅಂದು ಸಂಜೆಯವರೆಗೆ ಅವರು ಎತ್ತಿಕೊಡಲಿಲ್ಲ, ಬಿಸಿಲಲ್ಲಿ ಅವಳ ಸೂಜಿಗಳನ್ನು ಒಂದೊಂದಾಗಿ ಒರೆಸಿ ಒಣಗಿಸುತ್ತ ಕೂತಿದ್ದರಂತೆ. ಬಾವಿಯ ಹಗ್ಗವನ್ನು ಇನ್ನು ಮೇಲೆ ಯಾವ ದೇವರ ಚಪ್ಪರಕ್ಕೂ ಕಟ್ಟಕೂಡದೆಂದು ಊರಿಗೆ ಕಟ್ಟಳೆ ಮಾಡಿದವರೂ ಅವರೇ. ಹೆಸರನ್ನು ಮಾತ್ರ ಯಾರೂ ಇಡಲಿಲ್ಲ. ನೀರಿಗೆ ಬಂದ ಹೆಂಗಸರು "ಬಂದೆಬಂದೆ ಬಾವಿಗೆ ಹೋಗೂಣು" ಎಂದು ನಗತೊಡಗಿದರು, ಬಾವಿಗೆ ಅದೇ ಹೆಸರು ನಿಂತಿತು. ಇಂದಿಗೂ ಆ ಸೀಮೆಯಲ್ಲಿ ಕರೆದಾಗ ಒಬ್ಬ ಎರಡು ಸಲ 'ಬಂದೆ' ಎಂದರೆ, ಕರೆದವರು ಮೂರನೆಯವನನ್ನು ಹುಡುಕಲು ಹೋಗುತ್ತಾರೆ.

ಈಗ ಹೋದವರಿಗೆ ಬಾವಿಯ ಪಕ್ಕದಲ್ಲಿ ಒಂದು ಗಾಜಿನ ಪೆಟ್ಟಿಗೆ ಕಾಣುತ್ತದೆ. ಅದರಲ್ಲಿ ಸುರುಳಿ ಸುತ್ತಿದ ಹಗ್ಗ, ಅದಕ್ಕೆ ಕುಂಕುಮ, ಅರಿಷಿಣ, ಹೂವಿನ ಸರ. ಪೆಟ್ಟಿಗೆಗೆ ಬೀಗ; ಬೀಗದ ಕೈ ಸಮಿತಿಯ ಅಧ್ಯಕ್ಷರ ಮನೆಯಲ್ಲಿ; ಅಧ್ಯಕ್ಷರು ಹೆಚ್ಚಾಗಿ ತಾಲ್ಲೂಕಿನಲ್ಲಿ. "ಪವಿತ್ರ ಹಗ್ಗವನ್ನು ಮುಟ್ಟಬಾರದು" ಎಂದು ಸೂಚನೆಯೂ ಇದೆ. ಇನ್ನೊಂದು ಸಂಗತಿ ಸಪ್ತಾಹದ ದಿನಗಳಲ್ಲಿ ಹೋದವರಿಗೆ ಮಾತ್ರ ಗೊತ್ತಾಗುತ್ತದೆ. ಐದನೆಯ ದಿನ, ಸೂರ್ಯ ನೆತ್ತಿಗೆ ಬಂದ ಕೂಡಲೇ ಧ್ವನಿವರ್ಧಕ ನಿಲ್ಲುತ್ತದೆ. ಹಾಡು ಪಿಸುಮಾತಿಗಿಳಿಯುತ್ತದೆ, ತಾಳಗಳಿಗೆ ಬಟ್ಟೆ ಸುತ್ತುತ್ತಾರೆ, ಬೇವಿನ ನೆರಳು ಮೂಡಣಕ್ಕೆ ಉದ್ದವಾಗುವವರೆಗೆ ಹಾಗೇ. ಮಷೀನು ಕಾಯ್ದಿರುತ್ತದೆ, ಆರಲಿ ಎಂದು ನಿಲ್ಲಿಸುತ್ತೇವೆ ಎಂಬುದು ಸಮಿತಿಯವರ ವಿವರಣೆ. ಹಳಬರು ಹೇಳುವುದೇ ಬೇರೆ. ಮರುವರ್ಷದ ಸಪ್ತಾಹಕ್ಕೆ, ಐದನೆಯ ದಿನದ ನಡುಮಧ್ಯಾಹ್ನ, ಫಕೀರವ್ವ ಯಾವುದೋ ಸೀಮೆಯಿಂದ ನಡೆದು ಬಂದಳಂತೆ. ಬಂದವಳೇ ತಾಳದವರ ಕೈಗೆ ತನ್ನ ಬುಟ್ಟಿಯ ಬಟ್ಟೆಚೂರುಗಳನ್ನು ಕೊಟ್ಟಳು, ಬುವಾರತ್ತ ನೋಡಿ ತುಟಿಯ ಮೇಲೆ ಬೆರಳಿಟ್ಟಳು. ಬುವಾ ತಲೆಯಾಡಿಸಿ ದನಿ ತಗ್ಗಿಸಿದರು. ಗ್ಯಾನಪ್ಪ ಹೊರಸಿನ ಮೇಲೆ ಮಗ್ಗುಲಾಗಿ, "ಬಂದಿ ಏನು?" ಎಂದ. ಅವಳು 'ಬಂದೆ' ಎನ್ನಲಿಲ್ಲ. ಬಾವಿಕಟ್ಟೆಯ ಮೇಲೆ ಕೂತಳು. ನೀರಿಗೆ ಬಂದವರ ಕೊಡ ತಾನೇ ಇಸಿದುಕೊಂಡು, ಗಾಲಿ ಕಿರುಗುಟ್ಟದಂತೆ ಒಂದು ಕೈಯಲ್ಲಿ ಹಿಡಿದು ಸೇದಿ ಕೊಟ್ಟಳು, ಕಾಗೆಗಳನ್ನು ಸೆರಗಿನಿಂದ ಓಡಿಸಿದಳು. ಎಲ್ಲಿಯೂ ಎರಡು ಗಳಿಗೆ ಕೂರದ ಹೆಂಗಸು ಹೊತ್ತು ಇಳಿಯುವವರೆಗೆ ಕದಲಲಿಲ್ಲ. ಹೊರಸಿನಿಂದ ಗೊರಕೆ ಮಾತ್ರ, ಒಂದೇ ಸಮನೆ, ಕೇಳಿಬರುತ್ತಿತ್ತು.