ನಿಲ್ಲದ ಗಾಡಿ

“ಅಜ್ಜಾರೇ, ಈಗ ಬಂದಿರುವ ಹೊಸ ಅಡ್ವೆಂಚರ್ ಬೈಕುಗಳನ್ನು ನಂಬಿ ದೂರದ ಊರಿಗೆ ಹೋಗಬಹುದೇ?”

ಕೇಳಿದವನು ಮಠದ ಶಿಷ್ಯ ಬಸವಪ್ರಭು. ಮಠದ ಗುರುಗಳು ಕಾವಿ ಉಡುವ ಮೊದಲು ಇಪ್ಪತ್ತು ವರ್ಷ ಐಟಿಐಯಲ್ಲಿ ಮೋಟಾರು ರಿಪೇರಿಯ ಪಾಠ ಹೇಳಿದವರು. ಆದ್ದರಿಂದ ಭಕ್ತರು ಮದುವೆಯ ಮುಹೂರ್ತ ಕೇಳುವಂತೆ ಗಾಡಿಯ ವಿಷಯವನ್ನೂ ಅವರನ್ನೇ ಕೇಳುತ್ತಿದ್ದರು.

“ಎಲ್ಲಿಗೆ ಹೊರಟಿದ್ದೀ?”

“ಸೋಮನಾಥಕ್ಕೆ. ಹೋಗಿ ಬರಲು ಮೂರು ಸಾವಿರ ಕಿಲೋಮೀಟರಿನ ಹತ್ತಿರ. ಹೊಸ ಗಾಡಿಗಳಲ್ಲಿ ಎಲ್ಲ ಕಂಪ್ಯೂಟರು, ನಡುದಾರಿಯಲ್ಲಿ ಕೈ ಕೊಟ್ಟರೆ ಯಾವ ಮೆಕ್ಯಾನಿಕ್ಕನಿಗೂ ಬಗ್ಗುವುದಿಲ್ಲ ಅನ್ನುತ್ತಾರೆ. ಅದಕ್ಕೇ ಕೇಳಿದೆ.”

“ಒಬ್ಬನೇ ಹೋಗುತ್ತೀಯೋ?”

“ಇಲ್ಲ, ನನ್ನ ಹೆಂಡತಿ ದಾಕ್ಷಾಯಿಣಿಯೂ ಬರುತ್ತಾಳೆ. ಅವಳದೇನು, ಹಿಂದೆ ಕೂತರಾಯಿತು.”

ಗುರುಗಳು ಕನ್ನಡಕ ತೆಗೆದು ಶಲ್ಯದಿಂದ ಒರೆಸಿದರು.

“ಕೂತರಾಯಿತೋ? ಸರಿ. ನೀನೂ ಕೂತುಕೋ. ನಡುವೆ ಬಾಯಿ ಹಾಕಬೇಡ” ಎಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಯುಗಾದಿ ಹತ್ತಿರ ಬಂತೆಂದರೆ ಗಂಡ ಹೆಂಡತಿ ಬೈಕಿನ ಮೇಲೆ ಶ್ರೀಶೈಲಕ್ಕೆ ಹೋಗುತ್ತಿದ್ದರು. ಹನ್ನೊಂದು ವರ್ಷ ಒಮ್ಮೆಯೂ ತಪ್ಪಿಸಲಿಲ್ಲ. ಗಾಡಿ ಹಳೆಯದು. ಐವತ್ತು ಕಿಲೋಮೀಟರು ಓಡಿದರೆ ಇಂಜಿನ್ನು ಕಾದು ನಿಂತುಬಿಡುತ್ತಿತ್ತು. ವರ್ತಕ ಇಳಿದು ಅದಕ್ಕೆ ಬಾಯಿಗೆ ಬಂದಂತೆ ಬೈಯುತ್ತಿದ್ದ. ಪ್ಲಗ್ಗು ಬಿಚ್ಚಿ ಒರೆಸುತ್ತಿದ್ದ, ಚೈನು ಬಿಗಿಮಾಡುತ್ತಿದ್ದ. ಅಷ್ಟರಲ್ಲಿ ಹೆಂಡತಿ ಬೇಲಿಯ ಮರೆಗೆ ಹೋಗಿ ಬರುತ್ತಿದ್ದಳು. ಮರದ ಕೆಳಗೆ ಕಾಲು ಚಾಚಿ ಹೊಟ್ಟೆ ತುಂಬ ನೀರು ಕುಡಿಯುತ್ತಿದ್ದಳು, ಬುತ್ತಿ ಬಿಚ್ಚುತ್ತಿದ್ದಳು. ಇಂಜಿನ್ನು ಆರುವ ಹೊತ್ತಿಗೆ ಅವಳ ಸೊಂಟವೂ ನೆಟ್ಟಗಾಗಿರುತ್ತಿತ್ತು. ಆ ಗಾಡಿಗೆ ಅವಳು ಒಂದು ದಿನವೂ ಬೈದವಳಲ್ಲ. ನಿಲ್ಲಿಸಿ ಎಂದು ಗಂಡನಿಗೆ ಹೇಳುವ ಪ್ರಸಂಗವೂ ಹನ್ನೊಂದು ವರ್ಷದಲ್ಲಿ ಬರಲಿಲ್ಲ. ಗಾಡಿಯೇ ನಿಲ್ಲುತ್ತಿತ್ತಲ್ಲ!

ಹನ್ನೆರಡನೆಯ ವರ್ಷ ವರ್ತಕ ಹೊಸ ಗಾಡಿ ತಂದ. ಆನೆಯಂಥ ಗಾಡಿ. ಎರಡು ಬದಿಗೆ ಎರಡು ಪೆಟ್ಟಿಗೆ, ಹಿಂದೊಂದು ಪೆಟ್ಟಿಗೆ, ಮುಂದೆ ಟಿವಿಯಂಥ ಮೀಟರು. ಟ್ಯಾಂಕು ತುಂಬಿಸಿದರೆ ನಾನೂರೈವತ್ತು ಕಿಲೋಮೀಟರು. ಪರೀಕ್ಷೆ ಮಾಡಿ ಹೇಳಿ ಎಂದು ನೇರ ಈ ಮಠಕ್ಕೇ ತಂದ. ಇದೇ ಕಟ್ಟೆಯ ಮುಂದೆ ನಿಲ್ಲಿಸಿ, ನೀನು ಕೇಳಿದ್ದನ್ನೇ ಅವನೂ ಕೇಳಿದ.

ನಾನು ಬ್ರೇಕು ನೋಡಿದೆ, ಚೈನು ನೋಡಿದೆ, ಆಯಿಲ್ಲು ನೋಡಿದೆ. ಸುಳ್ಳು ಹೇಳಲಾರೆ, ಗಾಡಿ ಚಿನ್ನದಂಥದ್ದು. ಅವನ ಹೆಂಡತಿ ಅಲ್ಲೇ ಬೇವಿನ ಗಿಡದ ಕೆಳಗೆ ನಿಂತಿದ್ದಳು. ನಾನು ತಿರುಗಿಯೂ ನೋಡಲಿಲ್ಲ. ಅದು ನನ್ನ ಹಳೆಯ ಚಾಳಿ, ಗಾಡಿ ಕಂಡರೆ ಮನುಷ್ಯರು ಕಾಣುವುದಿಲ್ಲ. “ಧೈರ್ಯವಾಗಿ ಹೋಗು, ಇದು ಎಲ್ಲೂ ನಿಲ್ಲುವುದಿಲ್ಲ” ಎಂದು ಗಾಡಿಗೆ ವಿಭೂತಿ ಹಚ್ಚಿ ಕಳಿಸಿದೆ. ನನ್ನ ಬಾಯಿಗೆ ಮಣ್ಣು ಬೀಳಲಿ!

ಬೆಳಗ್ಗೆ ಏಳಕ್ಕೆ ಹೊರಟರು. ಅವಳು ಅರ್ಧ ಲೋಟ ಚಹ ಕುಡಿದಿದ್ದಳು, ಅಷ್ಟೆ. ದಾರಿಯಲ್ಲಿ ಇಳಿಯುವ ಪ್ರಸಂಗ ಬರಬಾರದೆಂದು ಹೆಣ್ಣುಮಕ್ಕಳು ನೀರನ್ನೇ ಮುಟ್ಟುವುದಿಲ್ಲ, ಗೊತ್ತೇ ನಿನಗೆ? ನನಗೆ ಗೊತ್ತಿರಲಿಲ್ಲ. ಆಮೇಲೆ ಅವಳೇ ಇಲ್ಲಿ ಕೂತು ಹೇಳಿದಳು. ಗಾಡಿ ನಿಲ್ಲುವುದಿಲ್ಲವೆಂದು ನಾನು ಹೇಳಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು, ನಂಬಿದ್ದಳು.

ಗಾಡಿ ನಿಲ್ಲಲಿಲ್ಲ. ಕೊಪ್ಪಳ ದಾಟಿತು, ಬಳ್ಳಾರಿ ದಾಟಿತು. ಮೇಲೆ ಸುಡು ಬಿಸಿಲು, ಕೆಳಗೆ ಕಾದ ಡಾಂಬರು. ವರ್ತಕ ಹೆಲ್ಮೆಟ್ಟಿನೊಳಗೆ ಹಾಡು ಕೇಳುತ್ತಿದ್ದ. ಬಳ್ಳಾರಿಯ ಆಚೆ ಹೆಂಡತಿ ಅವನ ಹೆಗಲು ತಟ್ಟಿದಳು. ಇಷ್ಟು ವರ್ಷದಲ್ಲಿ ಗಾಡಿಯ ಮೇಲೆ ಅವಳು ಹೆಗಲು ತಟ್ಟಿದ್ದು ಅದೇ ಮೊದಲು. ವರ್ತಕನಿಗೆ ಏನನ್ನಿಸಿತು ಗೊತ್ತೇ? ಶಹಬ್ಬಾಸ್ ಅನ್ನುತ್ತಿದ್ದಾಳೆ ಅನ್ನಿಸಿತು! ಹೆಬ್ಬೆರಳು ಎತ್ತಿ ತೋರಿಸಿದ. ಇನ್ನಷ್ಟು ಜೋರು ಓಡಿಸಿದ.

ಅವಳು ಮತ್ತೆ ತಟ್ಟಿದಳು. ಅವನ ಹೊಸ ಜಾಕೀಟಿನ ಹೆಗಲಲ್ಲಿ ದಪ್ಪ ಮೆತ್ತೆ ಇತ್ತು. ಬಿದ್ದರೆ ಪೆಟ್ಟಾಗಬಾರದೆಂದು ಹೊಲಿದ ಮೆತ್ತೆ. ತ್ರಾಣವಿಲ್ಲದ ಕೈ ಅದರ ಮೇಲೆ ಬಿದ್ದದ್ದು ಅವನಿಗೆ ತಿಳಿಯಲೇ ಇಲ್ಲ. ಅವಳು ಕೂಗಿದಳು, ಅದೂ ಕೇಳಿಸಲಿಲ್ಲ. ಕಣ್ಣು ಕತ್ತಲೆ ಬಂದಾಗ ತನ್ನ ವೇಲನ್ನು ಸೊಂಟಕ್ಕೆ ಸುತ್ತಿ ಹಿಂದಿನ ಪೆಟ್ಟಿಗೆಯ ಸರಳಿಗೆ ಗಂಟು ಹಾಕಿದಳು. ಬೀಳಬಾರದಲ್ಲ.

ಆಮೇಲೆ ಅವಳ ತಲೆ ಅವನ ಬೆನ್ನಿಗೆ ಒರಗಿತು. ವರ್ತಕ ಹಿಗ್ಗಿದ. ಆಹಾ, ಎಂಥ ನಯವಾದ ಗಾಡಿ, ತೊಟ್ಟಿಲಲ್ಲಿ ಮಲಗಿದ ಹಾಗೆ ನಿದ್ದೆ ಹೋದಳು ಅಂದುಕೊಂಡ. ಹಾಗೆ ಅಂದುಕೊಂಡು, ಕೇಳಪ್ಪಾ, ನೂರಾ ಇಪ್ಪತ್ತು ಕಿಲೋಮೀಟರು ದೂರ ಓಡಿಸಿದ!

ಶ್ರೀಶೈಲದ ಕಾಡಿನ ಗೇಟಿನಲ್ಲಿ ಅಡ್ಡಗಂಬ ಇಳಿದಿತ್ತು. ವರ್ತಕ ಗಾಡಿ ನಿಲ್ಲಿಸಿದ. ಮೀಟರು ನೋಡಿ, ಹಿಂದೆ ತಿರುಗದೆಯೇ, “ನೋಡಿದೆಯಾ? ಮುನ್ನೂರ ಎಂಬತ್ತು ಕಿಲೋಮೀಟರು! ಒಂದು ಸಲವಾದರೂ ಕೆಮ್ಮಿತೇನು?” ಅಂದ.

ಚೀಟಿ ಹರಿಯಲು ಬಂದ ಕಾವಲುಗಾರ ಚೀಟಿಪುಸ್ತಕ ಕೈಬಿಟ್ಟ. “ಅಯ್ಯಯ್ಯೋ ಅಣ್ಣಾ, ಹಿಂದೆ ನೋಡು! ಅಮ್ಮನ ಕೈ ನೋಡು!” ಎಂದು ಕಿರುಚಿದ.

ಎರಡೂ ಕೈ ಜೋತುಬಿದ್ದಿದ್ದವು. ಮೈ ಕಾದ ಹಂಚಿನಂತೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ವರ್ತಕ ಎಳೆದಷ್ಟೂ ಆ ಗಂಟು ಬಿಗಿಯಾಯಿತು, ಬಿಚ್ಚಲು ಅವನಿಂದ ಆಗಲಿಲ್ಲ. ಕಾವಲುಗಾರ ವೇಲು ಕತ್ತರಿಸಿ ಅವಳನ್ನು ಕೆಳಗಿಳಿಸಿದ. ಅಷ್ಟು ಹೊತ್ತೂ ಇಂಜಿನ್ನು ಸಣ್ಣಗೆ ಓಡುತ್ತಲೇ ಇತ್ತು, ಅದನ್ನು ಆರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಆರನೆಯ ದಿನ ಆಸ್ಪತ್ರೆಯಲ್ಲಿ ಅವಳು ಕಣ್ಣು ಬಿಟ್ಟಳು. ಕಾಲಿನ ಬಳಿ ಕೂತಿದ್ದ ಗಂಡನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ.

“ಹಳೆಯ ಗಾಡಿಯಾಗಿದ್ದರೆ ನಿಲ್ಲುತ್ತಿತ್ತು” ಅಂದಳು.

ಊರಿಗೆ ಅವಳು ಬಸ್ಸಿನಲ್ಲಿ ಬಂದಳು. ಅವನು ಬಸ್ಸಿನ ಹಿಂದೆ ಹಿಂದೆ ಖಾಲಿ ಸೀಟಿನ ಗಾಡಿ ಓಡಿಸಿಕೊಂಡು ಬಂದ. ಆಗಲೂ ಅದು ಒಂದು ಸಲ ಕೆಮ್ಮಲಿಲ್ಲ.

ಗುರುಗಳು ಕನ್ನಡಕ ಹಾಕಿಕೊಂಡರು. ಬಸವಪ್ರಭು, “ಅಜ್ಜಾರೇ, ಹಾಗಾದರೆ ಹೊಸ ಗಾಡಿಯನ್ನು ನಂಬಬಹುದು ಅನ್ನುತ್ತೀರೋ, ಬೇಡ ಅನ್ನುತ್ತೀರೋ?” ಎಂದು ಕೇಳಿದ.

“ಗಾಡಿಯ ಮಾತು ಕೇಳಲು ನನ್ನ ತನಕ ಬಂದೆಯಲ್ಲ, ಹಿಂದೆ ಕೂರುವ ದಾಕ್ಷಾಯಿಣಿಯನ್ನು ಒಂದು ಮಾತು ಕೇಳಿದೆಯಾ?”