ಅರಿವು ಮೂಡಿದವರ ಸಂಖ್ಯೆ

ತುಂಗಭದ್ರೆಯ ದಂಡೆಗೆ ಒಂದು ಹಳೇ ಪಂಪ್‌ಹೌಸ್. ಮುಂದೊಂದು ಬೇವಿನ ಮರ, ಮರದ ಬುಡದಲ್ಲಿ ಹಗ್ಗದ ಮಂಚ. ಆಶ್ರಮ ಅಂದರೆ ಆಶ್ರಮ, ಆಫೀಸು ಅಂದರೆ ಆಫೀಸು.

ಆ ಮಂಚದ ಮೇಲೆ ಕೂತಿರುತ್ತಿದ್ದವರು ಗವಿಸಿದ್ದಪ್ಪ ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತರಾದವರು. ಹೊಳೆಯನ್ನೂ ಹೊಳೆಯ ಜೀವಗಳನ್ನೂ ಕಾಯಬೇಕೆಂದು ನಾಲ್ಕು ಜನರನ್ನು ಕಟ್ಟಿಕೊಂಡು ಒಂದು ಬಳಗ ಮಾಡಿದ್ದರು. ಮಾತು ಕಡಿಮೆ, ಶೇಂಗಾ ಜಾಸ್ತಿ. ಯಾವಾಗ ನೋಡಿದರೂ ಸುಲಿಯುತ್ತಲೇ ಇರುತ್ತಿದ್ದರು.

ಶಿಷ್ಯೆ ಮಧುಮತಿ. ಎಂ.ಎಸ್ಸಿ. ಓದಿದವಳು, ಬಲು ಚುರುಕು, ಕೂತಲ್ಲಿ ಕೂರುವವಳಲ್ಲ. ದಂಡೆಯ ಊರುಗಳಲ್ಲಿ ಜನರನ್ನು ಸೇರಿಸಿ, ಹೊಳೆಯ ನೀರುನಾಯಿಗಳನ್ನು ಉಳಿಸಿ ಎಂದು ತಿಳಿಹೇಳುವ ಕಾರ್ಯಕ್ರಮಗಳೆಲ್ಲ ಅವಳ ಹೆಗಲ ಮೇಲಿದ್ದವು.

ಒಂದು ಶನಿವಾರ ಸಂಜೆ ಅವಳು ಬಂದು ಸ್ಕೂಟಿ ನಿಲ್ಲಿಸಿ, ಬ್ಯಾನರಿನ ಸುರುಳಿಯನ್ನು ಮರಕ್ಕೆ ಒರಗಿಸಿ, ಕಟ್ಟೆಯ ಮೇಲೆ ದೊಪ್ಪನೆ ಕೂತಳು. ಕಣ್ಣು ಕೆಂಪಗಿದ್ದವು. ತೊಡೆಯ ಮೇಲೊಂದು ಹರಿದ ಮೀನಿನ ಬಲೆ.

"ಹೆಂಗಾತವ್ವ ಕಾರ್ಯಕ್ರಮ?" ಎಂದರು ಮಾಸ್ತರರು.

"ಹನ್ನೆರಡನೇದ್ದು ಮುಗೀತು ಮಾಸ್ತರ. ಅರವತ್ನಾಲ್ಕು ಮಂದಿ ಬಂದಿದ್ರು. ಅರವತ್ನಾಲ್ಕು ಮಂದಿಗೂ ಅರಿವು ಮೂಡಿಸಿದೆ."

"ಮೂಡಿತೇನು?"

"ಫಾರ್ಮಿನಾಗ ಹಂಗ ಬರೀಬೇಕಲ್ರಿ. ದೊಡ್ಡಾಫೀಸಿನವರು ಒಂದು ಕಾಲಂ ಇಟ್ಟಾರ, ‘ಅರಿವು ಮೂಡಿದವರ ಸಂಖ್ಯೆ’ ಅಂತ."

ಮಾಸ್ತರರು ಒಂದು ಕಾಳು ಬಾಯಿಗೆ ಹಾಕಿಕೊಂಡರು. "ಈ ಬಲೆ ಯಾರ್ದು?"

ಅಷ್ಟೇ ಸಾಕಾಯಿತು. ಮಧುಮತಿ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿಬಿಟ್ಟಳು.

ಆಗಿದ್ದು ಇಷ್ಟು. ಅಂಬಿಗರ ಓಣಿಯಲ್ಲಿ ಅವಳು ಪರದೆ ಕಟ್ಟಿ ಚಿತ್ರ ತೋರಿಸಿದಳು. ನೀರುನಾಯಿ ಇದ್ದರೆ ಹೊಳೆ ಚೆನ್ನ, ಹೊಳೆ ಚೆನ್ನಾಗಿದ್ದರೆ ಮೀನು ಚೆನ್ನ ಎಂದು ಒಂದು ತಾಸು ಹೇಳಿದಳು. ಜನ ಚಪ್ಪಾಳೆ ತಟ್ಟಿದರು, ಮಂಡಕ್ಕಿ ಮಿರ್ಚಿ ತಿಂದರು. ಆಮೇಲೆ ಹುಲಿಗೆವ್ವ ಎಂಬ ಹಿರಿಯ ಹೆಂಗಸು ಎದ್ದು ಬಂದು, ನೀರುನಾಯಿ ಕಡಿದ ಈ ಬಲೆಯನ್ನು ಅವಳ ಮಡಿಲಿಗೆ ಒಗೆದಳು.

"ಮೇಡಂನೋರ, ನಮಗೇನೋ ಅರಿವು ಮೂಡೇತಿ. ಹೋಗಿ ನಿಮ್ಮ ನೀರುನಾಯಿಗೂ ಒಂಚೂರು ಮೂಡಿಸಿ ಬರ್ರಿ!"

ಓಣಿಗೆ ಓಣಿಯೇ ನಕ್ಕಿತು. ನಗು ನಿಲ್ಲುವ ಮೊದಲೇ ಹುಲಿಗೆವ್ವನ ಮಗ ದುರ್ಗಪ್ಪ ಸಾರಿಬಿಟ್ಟ. ಬರುವ ಮಂಗಳವಾರ ಹೊಳೆಯಲ್ಲಿರುವ ಕರಿಗುಂಡು ಎಂಬ ಬಂಡೆಯ ಸಂದಿಗೆ ಹುಲ್ಲು ತುಂಬಿ ಮೆಣಸಿನಕಾಯಿ ಹೊಗೆ ಹಾಕುವುದು. ಒಳಗಿರುವ ನೀರುನಾಯಿಗಳು ಓಡಬೇಕು, ಇಲ್ಲವೇ ಸಾಯಬೇಕು.

"ಅದರಾಗ ಮರಿ ಅದಾವು ಮಾಸ್ತರ," ಎಂದಳು ಮಧುಮತಿ. "ನಾಲ್ಕು. ಇನ್ನೂ ಈಜಾಕ ಬರಂಗಿಲ್ಲ ಅವಕ್ಕ. ನಾ ಕಣ್ಣಾರೆ ನೋಡೇನಿ. ಹನ್ನೆರಡು ಕಾರ್ಯಕ್ರಮ ಮಾಡಿದ್ದು ಬೋರ್ಗಲ್ಲ ಮ್ಯಾಲ ನೀರು ಸುರಿದಂಗಾತು."

"ಈಗೇನ್ ಮಾಡ್ತಿ?"

"ಅರಣ್ಯ ಇಲಾಖೆಗೆ ಫೋನ್ ಮಾಡ್ತೀನಿ. ಗಾರ್ಡ್ ಬಂದು ನಿಂತ್ರ ಮುಗೀತು."

"ಮಾಡು. ಈ ವರ್ಷದ ಮರಿ ಉಳೀತಾವ." ಮಾಸ್ತರರು ಇನ್ನೊಂದು ಶೇಂಗಾ ಒಡೆದರು. "ಮುಂದಿನ ವರ್ಷದ್ದು?"

ಮಧುಮತಿ ತೆಗೆದ ಫೋನನ್ನು ಕಟ್ಟೆಯ ಮೇಲಿಟ್ಟಳು.

"ಮಂಗಳವಾರ ಮುಂಜಾನೆ ಮಾಡಿದ್ರೂ ಫೋನು ಹತ್ತತೈತಿ. ಮೊದಲ ಆ ಬಲೆ ವಾಪಸ್ ಕೊಟ್ಟು ಬಾ."

"ಈಗ ಹೋಗಿ ಕೊಡ್ತೀನ್ರಿ."

"ಹರಿದದ್ದನ್ನ ಹರಿದಂಗ ಕೊಡ್ತೀಯೇನು?"

"ನನಗ ಬಲೆ ಹೊಲಿಯಾಕ ಬರಂಗಿಲ್ಲ."

"ಬರೋರ ಹತ್ರ ಕಲಿ."

"ಬರೋದು ಆ ಹುಲಿಗೆವ್ವಗ!"

"ಹಂಗಾರ ಆಕಿ ಹತ್ರನ ಹೋಗು. ಇನ್ನೊಂದು ಮಾತು. ಅಲ್ಲಿ ಇರೋತನಕ ನೀರುನಾಯಿ ಅನ್ನೋ ಶಬ್ದ ನಿನ್ನ ಬಾಯಾಗ ಬರಬಾರ್ದು."

"ಮತ್ತ ನಾ ಯಾಕ ಹೋಗೋದ್ರಿ?"

"ಬಲೆ ಹೊಲಿಯಾಕ," ಎಂದರು ಮಾಸ್ತರರು.

ಭಾನುವಾರ ಅವಳು ಬಲೆ ಹಿಡಿದು ಓಣಿಗೆ ಹೋದಾಗ ಹುಲಿಗೆವ್ವ ಮನೆ ಮುಂದಿನ ಕಟ್ಟೆಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದಳು.

"ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನು?" ಎಂದು ನಕ್ಕಳು. "ಏನು ಮೇಡಂನೋರ, ಇವತ್ತು ಬ್ಯಾನರ್ ತಂದಿಲ್ಲ?"

"ಬಲೆ ಹೊಲಿಯೋದು ಕಲಿಸ್ತೀಯೇನ್ ಯಮ್ಮಾ?"

ಹುಲಿಗೆವ್ವ ಅವಳನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. ಆಮೇಲೆ ಒಳಗೆ ಹೋಗಿ, ದಾರ ಸುತ್ತಿದ ಬಿದಿರಿನ ಸೂಜಿ ತಂದು ಕೊಟ್ಟಳು.

ಗಂಟು ಹಾಕಿದರೆ ಬಿಚ್ಚಿತು. ಬಿಚ್ಚದ್ದು ಜಾರಿತು. ದಾರ ಬೆರಳು ಕೊಯ್ದು ರಕ್ತ ಬಂತು.

"ಇದಕ್ಕ ಗಂಟು ಅಂತಾರೇನು?" ಎಂದಳು ಹುಲಿಗೆವ್ವ. "ಮೀನು ನಕ್ಕೊಂತ ದಾಟಿ ಹೋಗ್ತಾವು."

ಸಂಜೆ ಮಾಸ್ತರರು ಕೇಳಿದರು, "ಏನ್ ಕಲಿತಿ?"

"ಏನೂ ಇಲ್ಲ. ಒಂದು ದಿನ ಹಾಳಾತು. ಇನ್ನ ಉಳಿದದ್ದು ನಾಳೆ ಒಂದ ದಿನ."

"ಬಾಯಿ ಮುಚ್ಚಿತ್ತೇನು?"

"ಮುಚ್ಚಿತ್ತು."

ಮಾಸ್ತರರು ಒಳಗಿಂದ ಒಂದಿಷ್ಟು ಅರಿಶಿನ ಪುಡಿ, ಬಟ್ಟೆಯ ಚೂರು ತಂದು ಅವಳ ಮುಂದಿಟ್ಟರು. "ನಾಳೆಗೂ ಮುಚ್ಚು."

ಸೋಮವಾರ ಗಂಟು ನಿಲ್ಲತೊಡಗಿದವು. ಮಧುಮತಿ ತಲೆ ತಗ್ಗಿಸಿ ಹೊಲಿಯುತ್ತಿದ್ದಳು. ಹುಲಿಗೆವ್ವನೋ, ಮಾತಿಲ್ಲದೆ ಕೂತವಳೇ ಅಲ್ಲ. ಎದುರಿನವಳು ಬಾಯಿ ಬಿಡದಿದ್ದ ಮೇಲೆ ತಾನೇ ಬಿಟ್ಟಳು. ಬಲೆಯ ತೂತುಗಳಲ್ಲಿ ಬೆರಳು ಆಡಿಸುತ್ತ ಹೋದಳು.

"ಇದು ಬಂಡೆಗಲ್ಲಿಗೆ ಸಿಕ್ಕು ಹರಿದದ್ದು. ಇದು ಆಮೆ. ಇದು ನೋಡು, ನನ್ನ ಮಗನ ಅವಸರ. ಎಳೀಬ್ಯಾಡ ಅಂದ್ರ ಎಳೀತಾನ. ಇದು ಮಾತ್ರ ಆ ಕಳ್ಳಂದು. ಹಲ್ಲಿನ ಗುರುತು ಬ್ಯಾರೆ ಇರತೈತಿ."

ಮಧುಮತಿ ಎಣಿಸಿದಳು. ಹನ್ನೊಂದು ತೂತಿನಲ್ಲಿ ನೀರುನಾಯಿಯದು ಮೂರು. ಆಹಾ, ಇದೊಂದು ಸಂಗತಿ ಪರದೆಯ ಮೇಲೆ ಇದ್ದಿದ್ದರೆ! ಮಾತು ತುದಿನಾಲಿಗೆಗೆ ಬಂತು. ನುಂಗಿಕೊಂಡಳು. ತನಗೆ ನಿಜವಾಗಿಯೂ ತಿಳಿಯದೇ ಇದ್ದದ್ದನ್ನು ಕೇಳಿದಳು.

"ಈ ಬಲೆ ಎಲ್ಲಿ ಹಾಕಿದ್ರಿ ಯಮ್ಮಾ?"

"ಕರಿಗುಂಡಿನ ಮುಂದ. ಬಾಣಂತಿ ಮಡುವಿನಾಗ."

"ಬಾಣಂತಿ ಮಡುವಂದ್ರ?"

"ಹಂಗಂತಿದ್ಲು ನಮ್ಮತ್ತಿ," ಎಂದಳು ಹುಲಿಗೆವ್ವ. "ಚಳಿಗಾಲದಾಗ ಆ ಗುಂಡಿನ ಒಳಗ ಅದು ಹಡೀತೈತಿ. ಮರಿ ಬಿಟ್ಟು ದೂರ ಹೋಗಾಕ ಬರಂಗಿಲ್ಲ, ಬಾಣಂತಿ ಅಲ್ಲ? ಮುಂದಿನ ಮಡುವಿನ ಮೀನ ಅದರ ಪಾಲು. ದೀಪಾವಳಿ ಆದ ಮ್ಯಾಲ ಉಗಾದಿ ತನಕ ಯಾರೂ ಅಲ್ಲಿ ಬಲೆ ಹಾಕತಿರಲಿಲ್ಲ. ಬಾಣಂತಿ ಎಲಿ ಮುಂದಿನ ಅನ್ನ ಕಸಗೊಂಡೋರು ಉದ್ಧಾರ ಆಗಂಗಿಲ್ಲ ಅಂತಿದ್ಲು ನಮ್ಮತ್ತಿ."

ಸೂಜಿ ಹಿಡಿದ ಮಧುಮತಿಯ ಕೈ ನಿಂತಿತು.

"ಆಕಿ ಹೋದ ಮ್ಯಾಲ ಹುಡುಗರಿಗೆ ಯಾರೂ ಹೇಳಲಿಲ್ಲ," ಎಂದಳು ಹುಲಿಗೆವ್ವ. ಬಲೆಯ ಮೇಲಿನ ಕೈ ತೆಗೆದು, "ನಾನೂ ಹೇಳಲಿಲ್ಲ," ಎಂದಳು.

ಮಧುಮತಿಗೆ ನಾಚಿಕೆಯಾಯಿತು. ಇವರ ಮುಂದೆ ಮೈಕು ಹಿಡಿದು ಒಂದು ತಾಸು ಮಾತಾಡಿದ್ದೆನಲ್ಲ! ಕೊನೆಯ ತೂತಿಗೆ ಕೊನೆಯ ಗಂಟು ಹಾಕಿ, ಬಲೆ ಮಡಚಿ, ಹುಲಿಗೆವ್ವನ ಕೈಗಿಟ್ಟು ಬಂದಳು.

"ಹೆದರಿಕಿ ಆಗೇತಿ ಮಾಸ್ತರ," ಎಂದಳು ಆ ಸಂಜೆ.

"ಆಗಬೇಕಾದ್ದ," ಎಂದರು ಅವರು. ಅವರೂ ಆ ದಿನ ಶೇಂಗಾ ಮುಟ್ಟಿರಲಿಲ್ಲ.

ಮಂಗಳವಾರ ಬೆಳಿಗ್ಗೆ ದುರ್ಗಪ್ಪ ಎಂಟು ಜನರನ್ನು ಕಟ್ಟಿಕೊಂಡು ಕರಿಗುಂಡಿಗೆ ಬಂದ. ಹರಿಗೋಲಿನಲ್ಲಿ ಒಣಹುಲ್ಲಿನ ಹೊರೆ, ಒಂದು ಚೀಲ ಕೆಂಪು ಮೆಣಸಿನಕಾಯಿ. ನೋಡನೋಡುತ್ತ ಸಂದಿಗೆ ಹುಲ್ಲು ತುರುಕಿದರು.

ಮಧುಮತಿ ದಂಡೆಯ ಮರಳಿನಲ್ಲಿ ನಿಂತಿದ್ದಳು. ಕೈಯಲ್ಲಿ ಫೋನು, ಫೋನಿನಲ್ಲಿ ಗಾರ್ಡಿನ ನಂಬರು. ಒತ್ತಿದರೂ ಗಾರ್ಡು ಬರಲು ಅರ್ಧ ತಾಸು ಬೇಕು. ಅಯ್ಯೋ, ತಡಮಾಡಿ ಕೆಟ್ಟೆನಲ್ಲ, ಮಾಸ್ತರರ ಮಾತು ಕೇಳಿ ನಾಲ್ಕು ಜೀವ ಕಳೆದೆನಲ್ಲ ಎಂದು ಅವಳು ತನ್ನನ್ನೇ ಬೈದುಕೊಂಡಳು.

ದುರ್ಗಪ್ಪ ಕಡ್ಡಿ ಗೀರಿದ.

"ಲೇ ದುರ್ಗ್ಯಾ!"

ಹುಲಿಗೆವ್ವ ಸೀರೆ ಎತ್ತಿ ಕಟ್ಟಿಕೊಂಡು, ಮೊಣಕಾಲುದ್ದ ನೀರಿನಲ್ಲಿ ದಡಬಡ ಬರುತ್ತಿದ್ದಳು.

"ಬಾಣಂತಿ ಕ್ವಾಣಿಗೆ ಮೆಣಸಿನಕಾಯಿ ಹೊಗಿ ಹಾಕ್ತಾರೇನಲೇ, ಮೂಳಾ?"

"ಇಲ್ಲಿ ಯಾವ ಬಾಣಂತಿ ಅದಾಳ ಬೇ?"

"ಒಳಗ ನಾಕು ಕೂಸು ಹಡದು ಮಲಗೇತಲ್ಲ, ಅದು. ನಿನ್ನ ಹಡದಾಗ ನನ್ನ ಕ್ವಾಣಿಗೆ ಯಾರರ ಹಿಂಗ ಹೊಗಿ ಹಾಕಿದ್ರ, ಇವತ್ತು ಕಡ್ಡಿ ಗೀರಾಕ ನೀ ಇರ್ತಿದ್ದೇನು?"

ಯಾರೋ ಕಿಸಕ್ಕನೆ ನಕ್ಕರು. ಕಡ್ಡಿ ಉರಿದು ದುರ್ಗಪ್ಪನ ಬೆರಳು ಸುಟ್ಟಿತು. ಮಧುಮತಿ ಬೆರಗಾದಳು. ಮರಿಗಳು ನಾಲ್ಕು ಎಂದು ಅವಳು ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

"ಮತ್ತ ನಮ್ಮ ಬಲೆ ಹರಿದ್ರ?" ಎಂದ ದುರ್ಗಪ್ಪ, ಬೆರಳು ಬಾಯಲ್ಲಿಟ್ಟುಕೊಂಡೇ.

"ಬಾಣಂತಿ ಮಡುವಿನಾಗ ಬಲೆ ಹಾಕಿದವ ಯಾರು? ನೀನು. ಹಾಕಬ್ಯಾಡ ಅನ್ನದ ಸುಮ್ಮ ಕುಂತಾಕಿ ಯಾರು? ನಾನು. ಉಗಾದಿ ತನಕ ಈ ಮಡುವಿಗೆ ಒಬ್ಬರೂ ಇಳಿಯಂಗಿಲ್ಲ. ಬ್ಯಾರೆ ಕಡೆ ಹರಿದ್ರ ಈ ಹುಡುಗಿ ಹೊಲೀತಾಳ." ಹುಲಿಗೆವ್ವ ದಂಡೆಯತ್ತ ಕೈ ತೋರಿಸಿದಳು. "ಸೊಟ್ಟ ಗಂಟು ಹಾಕ್ತಾಳ. ಆದ್ರ ಬಿಚ್ಚಂಗಿಲ್ಲ."

ದುರ್ಗಪ್ಪ ಒಂದು ಗಳಿಗೆ ತಾಯಿಯ ಮುಖ ನೋಡಿದ, ಒಂದು ಗಳಿಗೆ ಸಂದಿಯನ್ನು ನೋಡಿದ. ಆಮೇಲೆ ಗೊಣಗುತ್ತ ಹುಲ್ಲು ಹೊರಗೆಳೆಯತೊಡಗಿದ. ಉಳಿದವರೂ ಕೈ ಹಚ್ಚಿದರು. ಮೆಣಸಿನಕಾಯಿ ಚೀಲ ಬಂದ ಹರಿಗೋಲಿನಲ್ಲೇ ಮನೆಗೆ ಹೋಯಿತು.

ಮಧುಮತಿ ಮರಳಿನ ಮೇಲೆ ಕುಕ್ಕರಿಸಿ, ಮುಖ ಮುಚ್ಚಿಕೊಂಡು ಅತ್ತಳು.

ಸಂಜೆ ಬೇವಿನ ಮರದ ಕೆಳಗೆ ಮಾಸ್ತರರ ಮುಂದೆ ಎಲ್ಲವನ್ನೂ ಹೇಳಿದಳು. ಅವರು ಹೂಂಗುಟ್ಟುತ್ತ ಶೇಂಗಾ ಸುಲಿದರು. ಕೊನೆಗೆ ಅವಳು ಚೀಲದಿಂದ ಫಾರ್ಮು ತೆಗೆದಳು.

"ವರದಿ ಇವತ್ತ ಕಳಿಸಬೇಕು ಮಾಸ್ತರ. ಈ ಮೂರು ದಿನದಾಗ ಭಾಷಣ ಇಲ್ಲ, ಫೋಟೊ ಇಲ್ಲ, ಬ್ಯಾನರ್ ಬಿಚ್ಚೇ ಇಲ್ಲ. ಈ ಕಾಲಂನಾಗ ಏನ್ ಬರೀಲ್ರಿ?"

"ಶನಿವಾರ ಏನ್ ಬರೆದಿದ್ದಿ?"

"ಅರವತ್ನಾಲ್ಕು."

"ಹೊಡೆದು ಹಾಕು."

ಅವಳು ಗೀಟು ಎಳೆದಳು.

"ಒಂದು ಅಂತ ಬರಿ."

ಅವಳು ಒಂದು ಎಂದು ಬರೆದಳು. ಬರೆದದ್ದನ್ನು ನೋಡಿ ಮೂರು ದಿನದ ಮೇಲೆ ಮೊದಲ ಸಲ ನಕ್ಕಳು.

"ಖರೇ ಮಾಸ್ತರ. ಹುಲಿಗೆವ್ವ ಒಬ್ಬಾಕಿಗೆ ಮೂಡಿದ್ರ ಸಾಕು, ಇಡೀ ಓಣಿಗೆ ಮೂಡಿದಂಗ."

ಮಾಸ್ತರರು ಸುಲಿದ ಶೇಂಗಾವನ್ನೆಲ್ಲ ಒಟ್ಟುಮಾಡಿ, ಬಟ್ಟೆ ಸುತ್ತಿದ ಅವಳ ಕೈಗೆ ಹಾಕಿದರು.

"ಹುಲಿಗೆವ್ವಗ ಮೊದಲ ಇತ್ತಲ್ಲವ್ವ."